ಏನೂ ಅಳಿಸದ ಹುಡುಗಿ

“ಫೋನು ಬಾವಿಗೆ ಒಗದೇನ್ರಿ ಮೇಡಂ. ಇನ್ನ ಆ ಫೋಟೋ ಯಾರಿಗೂ ಸಿಗೂದಿಲ್ಲ.” ಮಗಳೊಂದಿಗೆ ದೂರು ಕೊಡಲು ಬಂದಿದ್ದ ತಾಯಿ ಹೀಗೆಂದಾಗ ಮಹಿಳಾ ಪೊಲೀಸ್ ಬರೆಯುವುದನ್ನು ನಿಲ್ಲಿಸಿದರು. ಬೇರೊಂದು ಸುದ್ದಿಗಾಗಿ ಹಿರೇಕೆರೂರಿನ ಠಾಣೆಗೆ ಹೋಗಿದ್ದ ನಾನು ಪಕ್ಕದ ಬೆಂಚಿನಲ್ಲಿದ್ದೆ. ಹೊರಗೆ ಹತ್ತಿ ತುಂಬಿದ ಗಾಡಿಗಳು ಸಾಗುತ್ತಿದ್ದವು. ತೇಲಿಬಂದ ಎಳೆಗಳು ಕಿಟಕಿಯ ಬಿಸಿಲಿನಲ್ಲಿ ನೆಲ ಮುಟ್ಟದೆ ನಿಧಾನವಾಗಿ ಸುತ್ತುತ್ತಿದ್ದವು.

ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದವನೊಬ್ಬ, ಒಂಬತ್ತನೇ ತರಗತಿ ಓದುವ ಮಗಳ ಫೋಟೋ ತಿರುಚಿ ಬೆದರಿಸುತ್ತಿದ್ದನಂತೆ.

“ಎವ್ವಾ, ಫೋಟೋ ಅವನ ಹತ್ರ ಹಂಗ ಐತಿ. ಬಾವಿಗೆ ಬಿದ್ದಿದ್ದು ನಿಮ್ಮ ಸಾಕ್ಷಿ,” ಎಂದರು ಪೊಲೀಸ್. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಗ ಹುಡುಗಿ ಚೀಲದಿಂದ ಕನ್ನಡದ ನೋಟುಬುಕ್ಕು ತೆಗೆದು, ಕೊನೆಯ ಪುಟಗಳನ್ನು ಬಿಡಿಸಿದಳು. ಅವನ ಖಾತೆಯ ಹೆಸರು, ಕಳಿಸಿದ ಒಂದೊಂದು ಮಾತು, ತಾರೀಖು, ವೇಳೆ ಎಲ್ಲವೂ ದುಂಡಗಿನ ಅಕ್ಷರದಲ್ಲಿದ್ದವು.

“ಸಾಲ್ಯಾಗ ಅಕ್ಕೋರು ಹೇಳಿದ್ರು, ಏನೂ ಅಳಿಸಬ್ಯಾಡ್ರಿ, ದಾಖಲೆ ಇಟ್ಕೋರಿ ಅಂತ. ಅದಕ್ಕ ಅವ್ವ ಫೋನು ಒಗಿಯೂ ಮೊದ್ಲ ನೋಡಿ ಬರದೇನ್ರಿ. ಅವ ಮಾಡಿದ ಅಕ್ಷರದ ತಪ್ಪೂ ತಿದ್ದಿಲ್ಲ.”

“ಅವನ ತಪ್ಪು ನಾವು ತಿದ್ದತೇವಿ ಬಿಡವಾ. ಖಾತೆ ಹೆಸರು ಸಿಕ್ತಲ್ಲ, ಹುಡುಕತೇವಿ,” ಎಂದ ಪೊಲೀಸ್ ಅವಳಿಗೆ ಕುರ್ಚಿ ಎಳೆದುಕೊಟ್ಟು, ಮೊದಲ ಸಾಲಿನಿಂದ ಓದತೊಡಗಿದರು.

ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಳ್ಳುವುದು ನನ್ನ ಕಸುಬು. ಅಂದು ಮಾತ್ರ ಅವಳ ಹೆಸರು ಬರೆದುಕೊಳ್ಳಲಿಲ್ಲ; ಇಂಥ ಮಕ್ಕಳ ಹೆಸರು ಪ್ರಕಟಿಸಬಾರದೆಂದು ಕಾನೂನೂ ಹೇಳುತ್ತದೆ. ಆದರೆ ಸುದ್ದಿಯ ಸಾಲೊಂದನ್ನು ತಿದ್ದಲು ಕೈ ಹೋದಾಗಲೆಲ್ಲ ಆ ದುಂಡಗಿನ ಅಕ್ಷರಗಳು ಬಿಸಿಲಿನಲ್ಲಿನ ಹತ್ತಿಯ ಎಳೆಗಳಂತೆ ಕಣ್ಣ ಮುಂದೆ ತೇಲಿ ಬರುತ್ತವೆ.