ಬಾಡಿಗೆಗೆ ಹೋದ ಬೆಳಕು

ಕನ್ನಡಕದಂಗಡಿಯ ಯಜಮಾನರಿಗೆ ಕಣ್ಣು ತೋರಿಸಲು ಹೋದವರು ಕಿವಿಯನ್ನೂ ಒಪ್ಪಿಸಿ ಬರಬೇಕಿತ್ತು. ಪರೀಕ್ಷೆಯ ಭಾರವಾದ ಫ್ರೇಮನ್ನು ಗಿರಾಕಿಯ ಮೂಗಿನ ಮೇಲೆ ಕೂರಿಸಿದರೆಂದರೆ ಮುಗಿಯಿತು, ಆ ಬಡಪಾಯಿ ಎದ್ದು ಓಡುವಂತಿಲ್ಲ. "ಕೈಯಲ್ಲಿ ನಾಲ್ಕು ಕಾಸಿದ್ರೆ ಒಂದು ರೂಮ್ ಕಟ್ಟಿ ಬಾಡಿಗೆಗೆ ಬಿಡಿ. ಈ ಸಾಲು ಕಾಣ್ಸುತ್ತಾ?" ಎನ್ನುವರು. ಕಾಣದವರೂ ಕಾಣಿಸುತ್ತೆ ಎಂದು ಹೇಳಿ ತಪ್ಪಿಸಿಕೊಂಡು, ಆಮೇಲೆ ತಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲಲ್ಲಿ ಎಡವಿದ್ದುಂಟು.

ಸಲಹೆಗಳಿಗೇನು ಬರವೇ! ಬಾಡಿಗೆದಾರರ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಬಾರದು, ಕುಡಿದರೆ ದಾಕ್ಷಿಣ್ಯ ಹುಟ್ಟುತ್ತದೆ. ಸೂರು ಸೋರುತ್ತಿದೆ ಎಂದು ಅವರು ಹೇಳಿದರೆ ಮೊದಲ ಸಲ ಕಿವಿಗೆ ಬೀಳಬಾರದು. ಮನೆ ಖಾಲಿ ಬಿದ್ದರೂ ಸರಿಯೇ, ಬಾಡಿಗೆ ಇಳಿಸಬಾರದು. ನೆಂಟರಿಗಂತೂ ಕೊಡಲೇಬಾರದು. ಇವೆಲ್ಲಕ್ಕೂ ಕಳಸವಿಟ್ಟಂಥ ಮಾತೊಂದಿತ್ತು: ಒಳ್ಳೆಯ ಕೋಣೆಗಳೆಲ್ಲ ಬಾಡಿಗೆ ತರುತ್ತವೆ, ಆದ್ದರಿಂದ ಓನರ್ ಆದವನು ಇರುವುದರಲ್ಲೇ ಕೆಟ್ಟ ಕೋಣೆಯಲ್ಲಿರಬೇಕು.

ಇದರಲ್ಲಿ ಮಾತ್ರ ಯಜಮಾನರು ನುಡಿದಂತೆ ನಡೆದವರು. ಸರಿಯಾಗಿ ಹೇಳಬೇಕೆಂದರೆ, ಹೆಂಡತಿಯನ್ನು ನಡೆಸಿದವರು. ತಾವು ಹಗಲೆಲ್ಲ ಕನ್ನಡಿಯೂ ದೀಪವೂ ಝಗಝಗಿಸುವ ಅಂಗಡಿಯಲ್ಲಿ. ಮನೆಯ ಹಿಂದಿನ ಕೋಣೆಯಲ್ಲಿ ಒಲೆಯ ಪಕ್ಕ ಕೂತು ಬಟ್ಟೆ ಹೊಲಿಯುತ್ತಿದ್ದವಳು ಆಕೆ. ಮೊದಲು ಮುಂದಿನ ಹಾಲ್ ಬಾಡಿಗೆಗೆ ಹೋಯಿತು. ಆಮೇಲೆ ಪಕ್ಕದಲ್ಲಿದ್ದ ಓಣಿಯಷ್ಟು ಜಾಗದಲ್ಲೂ ಒಂದು ರೂಮ್ ಎದ್ದು ನಿಂತಿತು. ಆಕೆಯ ಏಕೈಕ ಕಿಟಕಿ ತೆರೆದರೆ ಈಗ ಮೂಗಿಗೆ ಗೋಡೆ ತಾಗುತ್ತಿತ್ತು.

"ಸೂಜಿಗೆ ದಾರ ಹೋಗ್ತಾ ಇಲ್ಲ ರೀ," ಎಂದಳು ಆಕೆ.

"ವಯಸ್ಸಾಯ್ತಲ್ಲೇ!" ಎಂದ ಯಜಮಾನರು ಅದೇ ಕತ್ತಲ ಕೋಣೆಯ ಗೋಡೆಗೆ ಅಕ್ಷರದ ಹಾಳೆ ಅಂಟಿಸಿ ಕಣ್ಣು ಪರೀಕ್ಷಿಸಿದರು. ಮನೆಯವಳಿಗೆ ಅಂಗಡಿಯ ದೀಪ ದಂಡವಲ್ಲವೇ? ನಂಬರ್ ಏರಿದೆ ಎಂದು ತೀರ್ಪಾಯಿತು, ದಪ್ಪ ಗಾಜು ಬಂತು. ಮತ್ತೆ ಕಾಣಲಿಲ್ಲ ಎಂದಾಗ ಇನ್ನೂ ದಪ್ಪದ್ದು ಬಂತು. ಹಗಲಲ್ಲಿ ಲೈಟ್ ಹಾಕಿದರೆ, "ಬಾಡಿಗೆಯೆಲ್ಲ ಕರೆಂಟಿಗೇ ಸುರಿಯೋಣ್ವಾ?" ಎಂಬ ಗದರಿಕೆ ಬೇರೆ.

ಮಹಡಿಯ ಮನೆಯಲ್ಲಿದ್ದ ಮೇಷ್ಟ್ರು ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುವ ಸಾಧು ಪ್ರಾಣಿ. ಸೂರು ಸೋರುತ್ತಿದೆಯೆಂದು ಹೇಳಿ ಹೇಳಿ ಬಾಯಿ ನೋವಾಗಿ, ಕೊನೆಗೆ ಸೋರಿಕೆಗೆ ಇಟ್ಟ ಬಕೆಟನ್ನು ಅಲ್ಲೇ ಬಿಟ್ಟು ಹೊರಟುಹೋದರು. ಯಜಮಾನರು ಬಾಡಿಗೆಯನ್ನು ಇನ್ನಷ್ಟು ಏರಿಸಿ ಬೋರ್ಡ್ ತೂಗುಹಾಕಿದರು. ಬಂದವರೆಲ್ಲ ಒಮ್ಮೆ ಸೂರು ನೋಡಿ, ಒಮ್ಮೆ ಓನರ್ ಮುಖ ನೋಡಿ, ಹೇಳ್ತೀವಿ ಸಾರ್ ಎಂದು ಹೋದರು. ತಿಂಗಳುಗಟ್ಟಲೆ ಆ ಮನೆಯಲ್ಲಿ ಬಿಸಿಲೊಂದೇ ಬಿಟ್ಟಿಯಾಗಿ ವಾಸವಾಗಿತ್ತು.

"ಖಾಲಿನೇ ಇದೆಯಲ್ಲ, ನನ್ನ ಮಷೀನ್ ಮೇಲಿಟ್ಕೊಳ್ಳಲಾ?" ಎಂದು ಕೇಳಿದಳು ಹೆಂಡತಿ.

"ಮನೆಯವರು ಒಮ್ಮೆ ಸೇರ್ಕೊಂಡ್ರೆ ಆಮೇಲೆ ಬಿಡಿಸೋರ್ಯಾರು?"

ಅಂಗಡಿಗೆ ರಜೆಯಿದ್ದ ದಿನ ಯಜಮಾನರು ಮುಂದಿನ ಅಂಗಳದಲ್ಲಿ ಪೇಪರ್ ಹಿಡಿದು ಕೂತಿದ್ದರು. ಹೆಂಡತಿ ಹಿಂದಿನಿಂದ ಸುತ್ತಿ ಬಂದು, ಗೇಟಿನಾಚೆ ನಿಂತು ಚಿಲಕ ಬಡಿದಳು. ಕಾಲಲ್ಲಿ ಹೊಸ ಚಪ್ಪಲಿ, ಹೆಗಲಲ್ಲಿ ಚೀಲ.

"ಬೋರ್ಡ್ ನೋಡ್ದೆ. ಮನೆ ಬೇಕಿತ್ತು."

"ಏನೇ ಇದು ತಮಾಷೆ!"

"ಬಾಡಿಗೆ ನೀವು ಹೇಳಿದ್ದೇ. ಸೋರೋದನ್ನ ನಾನೇ ಸರಿ ಮಾಡಿಸ್ಕೋತೀನಿ. ಅಡ್ವಾನ್ಸ್ ತಂದಿದೀನಿ, ನಾನು ಹೊಲಿದು ದುಡಿದದ್ದು."

"ನಾನು ನೆಂಟರಿಗೆ ಕೊಡಲ್ಲಮ್ಮಾ," ಎಂದು ನಕ್ಕರು ಯಜಮಾನರು.

"ನಾನು ನಿಮಗೆ ನೆಂಟಳಾ?"

ಆಕೆ ಚೀಲದಿಂದ ನೋಟು ತೆಗೆದು ಮುಂದೆ ಹಿಡಿದಳು. ನೋಟು ಎದುರಿಗೆ ಬಂದರೆ ಯಜಮಾನರ ಕೈ ಯಾರಪ್ಪನ ಮಾತನ್ನೂ ಕೇಳುವುದಿಲ್ಲ, ಚಾಚಿಯೇಬಿಟ್ಟಿತು. ಆಟ ಆಡಿದರೆ ಪೂರ್ತಿ ಆಡಬೇಕೆಂದು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಎಷ್ಟು ಜನ ಇರ್ತೀರಿ?"

"ಒಬ್ಬಳೇ."

ಯಜಮಾನರು ಇನ್ನೊಮ್ಮೆ ನಕ್ಕರು. ಆಕೆ ಬೀಗದ ಕೈ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಪಕ್ಕದ ರೂಮಿನ ಬಾಡಿಗೆದಾರ ಹೊಲಿಗೆ ಮಷೀನ್ ಹೊತ್ತು ಹಿಂದೆ ಹೋದ.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಬಂದ ಯಜಮಾನರಿಗೆ ಟೀ ಬೇಕಾಯಿತು. ಎಷ್ಟೆಂದರೂ ತನ್ನದೇ ಮನೆ, ತನ್ನದೇ ಹೆಂಡತಿ ಎಂದುಕೊಂಡು ಮಹಡಿ ಹತ್ತಿದರು.

"ಬನ್ನಿ. ನೀರು ಕೊಡೋಣ ಅಂದ್ರೆ ದಾಕ್ಷಿಣ್ಯಕ್ಕೆ ಬೀಳ್ತೀರಿ," ಎಂದಳು ಆಕೆ, ತಲೆಯೆತ್ತದೆ. ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಹಾಕುತ್ತಿದ್ದಳು. ಒಂದೇ ಸಲಕ್ಕೆ ಹೋಯಿತು. ಮೂಗಿನ ಮೇಲಿದ್ದದ್ದು ತೆಳು ಗಾಜಿನ ಕನ್ನಡಕ. ಹಾಲ್ ಬಾಡಿಗೆಗೆ ಹೋಗುವ ಮೊದಲು ಯಜಮಾನರೇ ಅಂಗಡಿಯಲ್ಲಿ ಕೂರಿಸಿ, ಸರಿಯಾಗಿ ನೋಡಿ ಮಾಡಿಕೊಟ್ಟಿದ್ದು.

ಅವರಿಗೆ ಬೇರೇನೂ ತಿಳಿಯದಿದ್ದರೂ ಕನ್ನಡಕ ತಿಳಿಯುತ್ತಿತ್ತು. ಆಕೆಯ ನಂಬರ್ ಇಷ್ಟು ವರ್ಷ ಒಂದು ಗೆರೆಯೂ ಏರಿರಲಿಲ್ಲ. ಮುಖಕ್ಕೆ ಹೊಡೆದಂತೆ ನಾಚಿಕೆಯಾಯಿತು.

ಸದ್ದಿಲ್ಲದೆ ಇಳಿದು ಹೋಗಿ, ಟೀ ತಾವೇ ಮಾಡಿಕೊಳ್ಳಲು ಹಿಂದಿನ ಕೋಣೆಯ ಒಲೆಯ ಮುಂದೆ ನಿಂತರು. ಹೊರಗೆ ಸುಡು ಬಿಸಿಲು, ಒಳಗೆ ಕಗ್ಗತ್ತಲು. ಲೈಟಿನ ಸ್ವಿಚ್ಚೂ ಸಿಗಲಿಲ್ಲ. ಕೈಗೆ ಹೆಂಡತಿಯ ದಪ್ಪ ಕನ್ನಡಕ ಸಿಕ್ಕಿತು, ಹಾಕಿಕೊಂಡು ನೋಡಿದರು. ಇನ್ನೂ ಕಾಣದಂತಾಯಿತು.

"ಲೇ, ಸಕ್ಕರೆ ಡಬ್ಬಿ ಎಲ್ಲಿದೆಯೇ?" ಎಂದು ಮೇಲಕ್ಕೆ ಕೂಗಿದರು.

ಮಷೀನಿನ ಸದ್ದು ನಿಂತಿತು.

"ಎರಡನೇ ಗೂಡಲ್ಲಿ. ಕೈಯಲ್ಲಿ ತಡವಿ ನೋಡಿ ರೀ, ನಾನು ಹಾಗೇ ಹುಡುಕ್ತಾ ಇದ್ದದ್ದು."