ಮಗಳ ಮ್ಯಾಚಿಗೆ ಖಾನಾಪುರದವರೆಗೆ

ಭಾನುವಾರ ಬೆಳಿಗ್ಗೆ ಬೆಳಗಾವಿಯ ಶಹಾಪುರದ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಶುರುವಾಗಿರಲಿಲ್ಲ. ಹಾಗಾಗಿ ಬಾಗಿಲವರೆಗೆ ಬಂದ ಹೆಂಡತಿ ಸುವರ್ಣಾ ಮೆಲ್ಲಗೆ ಹೇಳಿದ್ದೂ ನನಗೆ ಸರಿಯಾಗಿ ಕೇಳಿಸಿತು.

“ನೀವು ಕಣ್ಣಾರೆ ನೋಡಿ ಬರ್ರಿ. ಬ್ಯಾಡ ಅನಿಸಿದ್ರ ಬ್ಯಾಡ ಅಂತ ಆಕಿಗೆ ಅಲ್ಲೇ ಹೇಳಿಬಿಡ್ರಿ. ಆಮ್ಯಾಲ ಸಮಾಧಾನ ಮಾಡೂದು ನಾ ಮಾಡ್ತೀನಿ.”

ನಮ್ಮ ಮಗಳು ಅಕ್ಷತಾ ಬಿ.ಕಾಂ. ಓದುತ್ತಾಳೆ, ಬೆಳಗಾವಿಯ ಹುಡುಗಿಯರ ತಂಡವೊಂದಕ್ಕೆ ಗೋಲ್‌ಕೀಪರ್. ಹೋದ ವರ್ಷ ಒಂದು ಪಂದ್ಯದಲ್ಲಿ ಎದುರಾಳಿಯ ಕಾಲಿಗೆ ಅಡ್ಡ ಬಿದ್ದು ಹೆಗಲ ಎಲುಬು ಮುರಿದುಕೊಂಡಿದ್ದಳು. ಆ ಹೊತ್ತಿಗೆ ನಾನು ಆಟೋ ನಗರದ ನನ್ನ ಬಿಡಿಭಾಗಗಳ ಅಂಗಡಿಯಲ್ಲಿದ್ದೆ. ಮೈದಾನದಿಂದ ಯಾರೋ ಮೊಬೈಲಿನಲ್ಲಿ ಪಂದ್ಯವನ್ನು ನೇರವಾಗಿ ತೋರಿಸುತ್ತಿದ್ದರು, ಗಿರಾಕಿಗಳ ನಡುವೆ ನೋಡುತ್ತಿದ್ದೆ. ಅವಳು ಗೋಲು ಬಿಟ್ಟು ಮುಂದೆ ಓಡಿಬಂದು ಚೆಂಡಿನ ಮೇಲೆ ಬಿದ್ದಳು. ಅಷ್ಟಕ್ಕೇ ಚಿತ್ರ ನಿಂತುಹೋಯಿತು. ನಡುವೆ ಸಣ್ಣ ಚಕ್ರ ತಿರುಗುತ್ತಿತ್ತು, ಅದರ ಹಿಂದೆ ನನ್ನ ಮಗಳು ನೆಲದ ಮೇಲೆ. ನೆಟ್‌ವರ್ಕ್ ಮರಳಿ ಬರಲಿಲ್ಲ. ತಂಡದವರು ಆಸ್ಪತ್ರೆಯಿಂದ ಫೋನ್ ಮಾಡುವವರೆಗೆ ನಾನು ಆ ನಿಂತ ಚಿತ್ರವನ್ನೇ ನೋಡುತ್ತ ಕುಳಿತಿದ್ದೆ.

ಎಲುಬು ಕೂಡಿತು. ಆಡಬಹುದೆಂದು ಡಾಕ್ಟರೂ ಹೇಳಿದರು. ಆದರೆ ಮನೆಯಲ್ಲಿ ಧೈರ್ಯ ಬರಲಿಲ್ಲ. ಈಗ ಮತ್ತೆ ಮೊದಲ ಪಂದ್ಯ, ಅದೂ ಖಾನಾಪುರದಲ್ಲಿ. ಅವಳು ಹಿಂದಿನ ದಿನವೇ ತಂಡದ ಜೊತೆ ಹೋಗಿದ್ದಳು. ನಾನು ಬರುವ ವಿಷಯ ಅವಳಿಗೆ ತಿಳಿಸಿರಲಿಲ್ಲ.

ಫುಟ್ಬಾಲ್ ನನಗೆ ಹೊಸದಲ್ಲ. ಇಪ್ಪತ್ತು ವರ್ಷದಿಂದ ಟಿವಿಯಲ್ಲಿ ನೋಡುತ್ತಿದ್ದೇನೆ. ಆಫ್‌ಸೈಡ್ ಯಾವುದು, ಯಾರು ಸುಳ್ಳೇ ಬಿದ್ದರು ಎಂದು ರೆಫರಿಗಿಂತ ಮೊದಲು ನಾನೇ ತೀರ್ಪು ಕೊಡುತ್ತೇನೆ. ಗೋಲು ಬಿಟ್ಟುಕೊಟ್ಟ ಕೀಪರ್‌ಗಳನ್ನು ಬೈದಷ್ಟು ನಾನು ಅಂಗಡಿಗೆ ಕಳಪೆ ಮಾಲು ಕಳಿಸಿದವರನ್ನೂ ಬೈದಿಲ್ಲ. ಆದರೆ ಮೈದಾನಕ್ಕೆ ಮಾತ್ರ ಹೋದವನಲ್ಲ. ಮನೆಯಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ಬಿಸಿಲಿಲ್ಲ, ಚಹಾ ಕೈಗೇ ಬರುತ್ತದೆ. ಮತ್ತೇಕೆ ಹೋಗಬೇಕು ಎನ್ನುತ್ತಿದ್ದೆ.

ಬಸ್ ನಿಲ್ದಾಣದಲ್ಲಿ ಖಾನಾಪುರದ ಬಸ್ಸು ಹೊರಡಲು ಸಿದ್ಧವಾಗಿತ್ತು. ಕಿಟಕಿಯ ಬದಿ ಜಾಗ ಸಿಕ್ಕಿತು. ಹೆಣ್ಣುಮಕ್ಕಳೆಲ್ಲ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದರು. ನಾನು ಐವತ್ತರ ನೋಟು ಕೊಟ್ಟೆ, ಸ್ವಲ್ಪ ಚಿಲ್ಲರೆ ಮರಳಿ ಬಂತು. ಪೀರನವಾಡಿ, ಮಚ್ಛೆ ದಾಟುವವರೆಗೆ ಬಿಸಿಲಿತ್ತು. ದೇಸೂರು ಬಿಟ್ಟ ಮೇಲೆ ಮೋಡ ಕೆಳಗಿಳಿಯಿತು, ಗಣೇಬೈಲದ ಹತ್ತಿರ ತುಂತುರು ಹನಿಯಿತು. ಇಪ್ಪತ್ತೈದು ಕಿಲೋಮೀಟರಿನಲ್ಲಿ ಗಾಳಿಯೇ ಬದಲಾಗಿಬಿಡುತ್ತದೆ. ಗದ್ದೆಗಳಲ್ಲಿ ಭತ್ತ ಬಾಗಿ ನಿಂತಿತ್ತು. ನನ್ನ ಹಿಂದೆ ಕುಳಿತ ಇಬ್ಬರು ಕನ್ನಡದಲ್ಲಿ ಮಾತು ಎತ್ತಿಕೊಂಡು ಮರಾಠಿಯಲ್ಲಿ ಮುಗಿಸುತ್ತಿದ್ದರು. ಮಾತೆಲ್ಲ ಭತ್ತದ ಕಟಾವಿನದೇ.

ಖಾನಾಪುರದಲ್ಲಿ ಇಳಿದಾಗ ಮಳೆ ನಿಂತಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಿಸಳ್ ತಿಂದೆ. ಖಾರ ಕಣ್ಣಿಗೆ ಏರಿತು, ಆದರೂ ರುಚಿ ಗೊತ್ತಾಗಲಿಲ್ಲ. ಅಷ್ಟರಲ್ಲಿ ಸುವರ್ಣಾಳ ಫೋನು.

“ಮುಟ್ಟಿದ್ರ್ಯಾ? ಆಕಿ ಕಂಡ್ಳೇನು?”

“ಈಗಷ್ಟ ಇಳದೇನಿ. ಇನ್ನೂ ಮೈದಾನಕ್ಕ ಹೋಗಬೇಕು.”

“ನಾಷ್ಟಾ ಆಮ್ಯಾಲ ಮಾಡಾಕ ಬರ್ತಿರಲಿಲ್ಲೇನು?” ಎಂದು ಫೋನಿಟ್ಟಳು. ನಾನು ತಿನ್ನುತ್ತಿರುವುದು ಅವಳಿಗೆ ಹೇಗೆ ತಿಳಿಯಿತೋ.

ಮೈದಾನ ಊರ ಅಂಚಿನಲ್ಲಿತ್ತು. ಕೆಂಪು ಮಣ್ಣು, ಅಲ್ಲಲ್ಲಿ ಹುಲ್ಲು, ಸುತ್ತ ಕಟ್ಟಿದ ಹಗ್ಗ. ಒಂದು ಕಡೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಅವೆಲ್ಲ ಆಗಲೇ ತುಂಬಿದ್ದವು. ಗೋಲಿನ ಪಕ್ಕದಲ್ಲಿ ಒಂದು ಸಿಮೆಂಟ್ ಕಟ್ಟೆ ಕಂಡಿತು. ಅಲ್ಲಿ ಕಚ್ಚೆಸೀರೆಯ ಒಬ್ಬ ಮುದುಕಿ ಕುಳಿತಿದ್ದರು. ನನ್ನನ್ನು ನೋಡಿ ತಮ್ಮ ಕೊಡೆಯನ್ನು ಆಚೆ ಸರಿಸಿದರು.

“ಬರ್ರಿ, ಕುಂದರ್ರಿ. ಬೆಳಗಾವಿಯವರೇನ್ರಿ?”

“ಹೌದ್ರಿ. ನೀವು?”

“ಇಲ್ಲೇ ಬಾಜು ಹಳ್ಳಿ. ಹೆಸರು ಪಾರ್ವತಿಬಾಯಿ. ನಮ್ಮ ನಾತ ಆಡತಾಳ್ರಿ, ಮಗಳ ಮಗಳು. ಸಾನಿಕಾ ಅಂತ. ಅಕೋ ನೋಡ್ರಿ, ಹತ್ತು ನಂಬರ್.”

ಸಾನಿಕಾ ಖಾನಾಪುರ ತಂಡದ ಮುಂಚೂಣಿಯ ಹುಡುಗಿ, ಗೋಲು ಹೊಡೆಯುವವಳು. ಅಂದರೆ ನನ್ನ ಮಗಳ ಕಡೆಗೇ ನುಗ್ಗಿ ಬರುವವಳು. ನಾನು ಯಾರ ತಂದೆ ಎಂದು ಆಗ ಹೇಳಲಿಲ್ಲ.

ಪಂದ್ಯ ಶುರುವಾದ ಮೊದಲ ಹತ್ತು ನಿಮಿಷ ನನಗೆ ಏನೂ ತಿಳಿಯಲಿಲ್ಲ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಯಾರೋ ಹೆಸರು ಹೇಳುತ್ತಿರುತ್ತಾರೆ, ಮೂಲೆಯಲ್ಲಿ ಸಮಯವೂ ಸ್ಕೋರೂ ಇರುತ್ತದೆ. ಇಲ್ಲಿ ಆ ತುದಿಯಲ್ಲಿ ನಡೆಯುವುದು ಬರೀ ಕಾಲುಗಳ ಗೊಂದಲವಾಗಿ ಕಾಣುತ್ತಿತ್ತು. ಕೊನೆಗೆ ಚೆಂಡನ್ನು ಹುಡುಕುವುದು ಬಿಟ್ಟು, ಹತ್ತಿರದ ಗೋಲಿನಲ್ಲೇ ನಿಂತಿದ್ದ ಅಕ್ಷತಾಳನ್ನು ನೋಡತೊಡಗಿದೆ.

ಅವಳು ಬೂಟಿನ ಹಿಮ್ಮಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದುಕೊಂಡಳು. ಬಾಟಲಿಯಿಂದ ನೀರು ಕುಡಿದು ಗೋಲ್‌ಕಂಬದ ಬುಡದಲ್ಲಿಟ್ಟಳು. “ಪೂಜಾ, ಎಡಕ್ಕ! ಎಡಕ್ಕ ಅಂದ್ನಲ್ಲ!” ಎಂದು ಕೂಗಿದಳು. ಮನೆಯಲ್ಲಿ ಎರಡು ಸಲ ಕರೆದರೆ ಒಂದು ಸಲ ಓ ಎನ್ನುವ ಹುಡುಗಿ. ಈ ಗಂಟಲು ಅವಳಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಮ್ಮವರು ಆ ಕಡೆ ಚೆಂಡು ಹೊಡೆದಾಗ ಕುಣಿದಳು, ತಪ್ಪಿದಾಗ ಹಣೆ ಚಚ್ಚಿಕೊಂಡಳು. ಚೆಂಡು ದೂರವಿದ್ದಾಗ ಏನೋ ಗುನುಗಿಕೊಳ್ಳುತ್ತಿದ್ದಳು ಕೂಡ.

ಇಷ್ಟು ವರ್ಷ ಟಿವಿ ನನಗೆ ಕೀಪರನ್ನು ತೋರಿಸಿದ್ದು ಅಪಾಯ ಬಂದಾಗ ಮಾತ್ರ. ಚೆಂಡು ಬಂತು, ಹಾರಿದ, ಬಿದ್ದ, ಅಷ್ಟೇ. ಮಗಳ ಆಟವೆಂದರೆ ನನ್ನ ತಲೆಯಲ್ಲಿದ್ದದ್ದೂ ಆ ಬೀಳುವುದೊಂದೇ. ಉಳಿದ ಹೊತ್ತೆಲ್ಲ ಅವಳು ಹೀಗೆ ಸುಖವಾಗಿ ಓಡಾಡಿಕೊಂಡಿರುತ್ತಾಳೆ ಎಂಬುದು ನನಗೆ ಹೊಳೆದಿರಲಿಲ್ಲ. ಎದೆಯ ಮೇಲಿಂದ ಏನೋ ಸ್ವಲ್ಪ ಸರಿದಂತಾಯಿತು.

ಅಷ್ಟರಲ್ಲಿ ಸಾನಿಕಾ ಇಬ್ಬರನ್ನು ದಾಟಿಕೊಂಡು ಬಂದು ಗೋಲು ಹೊಡೆದಳು. ಪಾರ್ವತಿಬಾಯಿ ಎದ್ದು ನಿಂತು ಕೊಡೆ ತಿರುಗಿಸಿ ಕೂಗಿದರು. ಕುಳಿತ ಮೇಲೆ ನನ್ನ ಮುಖ ನೋಡಿದರು.

“ನಿಮ್ಮವರು ಯಾರ್ರಿ ಇದರಾಗ?”

“ಗೋಲಿನಾಗ ನಿಂತಾಳಲ್ರಿ, ಆಕಿ. ನನ್ನ ಮಗಳು.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಅಯ್ಯ ದೇವಾ! ಮೊದಲ ಹೇಳಬಾರದೇನ್ರಿ? ಸ್ವಲ್ಪ ಸಾವಕಾಶ ಚೀರತಿದ್ದೆ.” ಆಮೇಲೆ ಚೀಲದಿಂದ ಚುರಮುರಿಯ ಪೊಟ್ಟಣ ತೆಗೆದು ಬಿಚ್ಚಿ ನಡುವೆ ಇಟ್ಟರು.

ವಿರಾಮಕ್ಕೆ ಮುಂಚೆ ನಮ್ಮವರೂ ಒಂದು ಗೋಲು ಹೊಡೆದು ಸಮ ಮಾಡಿದರು. ವಿರಾಮದ ನಂತರ ತಂಡಗಳು ಬದಿ ಬದಲಾಯಿಸಿದವು. ಅಕ್ಷತಾ ಆ ತುದಿಯ ಗೋಲಿಗೆ ಹೋದಳು. ಸಾನಿಕಾಳ ದಾಳಿಯೂ ಇನ್ನು ಆ ಕಡೆಗೇ. ಪಾರ್ವತಿಬಾಯಿ ಕೊಡೆ ಎತ್ತಿಕೊಂಡು, “ನಡೀರಿ, ಹೋಗೂಣು. ಇಬ್ರಿಗೂ ಆ ಗೋಲ ಬೇಕಲ್ಲ,” ಎಂದರು. ಹಗ್ಗದ ಗುಂಟ ಮೈದಾನವನ್ನು ಅರ್ಧ ಸುತ್ತಿ ಇಬ್ಬರೂ ಆ ಬದಿಗೆ ಹೋಗಿ ಹುಲ್ಲಿನ ಮೇಲೆ ನಿಂತೆವು.

“ನಿಮಗ ಅಂಜಿಕಿ ಆಗೂದಿಲ್ಲೇನ್ರಿ?” ಎಂದು ಕೇಳಿದೆ.

“ಆಗತೈತಿ. ಅದಕ್ಕ ಬರ್ತೀನಿ. ಮನ್ಯಾಗ ಕುಂತ್ರ ಇನ್ನೂ ಜಾಸ್ತಿ ಆಗತೈತಿ.”

ಪಂದ್ಯ ಮುಗಿಯುವ ಹೊತ್ತು ಹತ್ತಿರ ಬಂದಿತ್ತು. ನಡುಮೈದಾನದಿಂದ ಯಾರೋ ಚೆಂಡನ್ನು ಉದ್ದಕ್ಕೆ ಒದ್ದರು. ಸಾನಿಕಾ ಒಬ್ಬಳೇ ಅದರ ಹಿಂದೆ ಓಡಿದಳು, ಅವಳಿಗೂ ಗೋಲಿಗೂ ನಡುವೆ ಯಾರೂ ಇರಲಿಲ್ಲ. ಅಕ್ಷತಾ ಗೋಲು ಬಿಟ್ಟು ಮುಂದೆ ಓಡಿಬಂದಳು. ಹೋದ ವರ್ಷ ಬಂದ ಹಾಗೆಯೇ. ಅವಳು ಸಾನಿಕಾಳ ಕಾಲುಗಳ ಮೇಲೆ ಹಾರುವುದು ಕಂಡಿತು. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣಾರೆ ನೋಡಲೆಂದೇ ಬಂದವನು! ಡಿಕ್ಕಿಯ ಸದ್ದು ಕೇಳಿಸಿತು. ಪಾರ್ವತಿಬಾಯಿ ನನ್ನ ಮುಂಗೈ ಹಿಡಿದರು, ಬಳೆಗಳು ಒತ್ತಿದವು. ಜನ ಒಮ್ಮೆಲೇ ಸುಮ್ಮನಾದರು. ಕಣ್ಣು ತೆರೆದಾಗ ಇಬ್ಬರು ಹುಡುಗಿಯರೂ ನೆಲದ ಮೇಲಿದ್ದರು. ಏನಾಯಿತೆಂದು ಮತ್ತೊಮ್ಮೆ ತೋರಿಸುವವರು ಯಾರೂ ಇಲ್ಲ. ನಾನು ಹಗ್ಗ ದಾಟಿಬಿಟ್ಟೆ.

“ಕಾಕಾ, ಹಿಂದ ಸರೀರಿ! ಹಿಂದ!” ಗೆರೆಯ ಮೇಲೆ ಬಾವುಟ ಹಿಡಿದಿದ್ದವನು ಕೂಗಿದ. ನಾನು ನಿಲ್ಲಲಿಲ್ಲ.

ಮೊದಲು ಅಕ್ಷತಾ ಎದ್ದು ಕುಳಿತಳು. ಚೆಂಡನ್ನು ಎದೆಗವಚಿಕೊಂಡೇ ಇದ್ದಳು. ಅದನ್ನು ಆಚೆ ಎಸೆದು ಮಂಡಿಯ ಮೇಲೆ ಸಾನಿಕಾಳ ಹತ್ತಿರ ಹೋದಳು. ಅವಳ ಕಾಲನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು, ಪಾದವನ್ನು ಹಿಂದಕ್ಕೆ ಒತ್ತಿ ಹಿಡಿದಳು. ಸಾನಿಕಾಳ ಮೀನಖಂಡ ಸೆಟೆದುಕೊಂಡಿತ್ತಂತೆ, ಬೇರೇನೂ ಆಗಿರಲಿಲ್ಲ. ಇಬ್ಬರೂ ಏನೋ ಮಾತಾಡಿಕೊಂಡರು, ಸಾನಿಕಾ ಅಳುನಗೆ ನಕ್ಕಳು. ಆಗ ಅಕ್ಷತಾ ತಲೆಯೆತ್ತಿದಳು. ಎದುರಿಗೆ ನಾನು.

“ಅಪ್ಪಾ! ನೀ ಇಲ್ಲ್ಯಾಕ ಬಂದಿ? ಹೊರಗ ಹೋಗು, ಮ್ಯಾಚ್ ನಡದೈತಿ!”

ಸುತ್ತ ನಿಂತವರೆಲ್ಲ ನಕ್ಕರು. ನನಗೂ ನಗು ಬಂತು, ತಡೆಯಲಾಗದಂಥ ನಗು. ಹಿಂದೆ ಬಂದು ಹಗ್ಗ ದಾಟಿದೆ. ಒದ್ದೆ ಹುಲ್ಲಿನ ಮೇಲೆಯೇ ಕುಳಿತುಬಿಟ್ಟೆ. ಪಾರ್ವತಿಬಾಯಿ ಕಣ್ಣೊರೆಸಿಕೊಂಡು, “ಇಬ್ರೂ ಎದ್ರು ನೋಡ್ರಿ. ಸಾಕು,” ಎಂದರು.

ಕೊನೆಯ ಗಳಿಗೆಯಲ್ಲಿ ಮೂಲೆಯಿಂದ ಬಂದ ಚೆಂಡನ್ನು ಖಾನಾಪುರದ ಇನ್ನೊಬ್ಬ ಹುಡುಗಿ ತಲೆಯಿಂದ ಗೋಲಿಗೆ ದೂಡಿದಳು. ನಮ್ಮವರು ಸೋತರು. ಟಿವಿಯ ಮುಂದಾಗಿದ್ದರೆ ಆ ಕೀಪರನ್ನು ಹಿಡಿದು ಬೈಯುತ್ತಿದ್ದೆ. ಇಲ್ಲಿ ನನಗೆ ಕಂಡದ್ದು ಒಂದೇ: ಅವಳು ಬಲಕ್ಕೆ ಪೂರ್ತಿ ಹಾರಿ ಬಿದ್ದಳು, ತಾನೇ ಎದ್ದಳು, ಸಿಟ್ಟಿನಿಂದ ಕಂಬಕ್ಕೆ ಒದ್ದಳು. ಅಷ್ಟು ಸಿಟ್ಟು ಬರಬೇಕಾದರೆ ಮೈ ಗಟ್ಟಿ ಇರಲೇಬೇಕು.

ಪಂದ್ಯ ಮುಗಿದ ಮೇಲೆ ಕೈಗವಸು ಕಳಚುತ್ತ ನನ್ನ ಹತ್ತಿರ ಬಂದಳು. ಮುಖ ಕೆಂಪಾಗಿತ್ತು.

“ನಾವು ಸೋತೇವಿ. ನೀ ನಗಾಕತ್ತಿ?”

“ಹೆಗಲು ಹ್ಯಾಂಗೈತಿ?”

ಎರಡೂ ಕೈ ಮೇಲೆತ್ತಿ ಗಿರ್ರನೆ ತಿರುಗಿಸಿ ತೋರಿಸಿದಳು. ತೋರಿಸುತ್ತ ತೋರಿಸುತ್ತ ಅವಳ ಸಿಟ್ಟು ಇಳಿಯಿತು.

“ಹೋದ ವರ್ಷ ಬಿದ್ದಾಗ ಭಾಳ ನೋವಾಗಿತ್ತೇನವಾ?” ಇದನ್ನು ನಾನು ಅವಳಿಗೆ ಇದುವರೆಗೆ ಕೇಳಿರಲಿಲ್ಲ.

“ಆಗಿತ್ತು. ಆದ್ರ ಆಮ್ಯಾಲ ಮನ್ಯಾಗ ಕುಂದ್ರೂದು ಅದಕ್ಕಿಂತ ಕಠಿಣ ಇತ್ತು. ನೀವಿಬ್ರೂ ನನ್ನ ಗಾಜಿನ ಗ್ಲಾಸಿನಂಗ ನೋಡತಿದ್ರಿ.” ಕೈಗವಸಿನ ಮಣ್ಣು ಕೊಡವುತ್ತ ಕೇಳಿದಳು, “ಆಟ ಬಿಡು ಅಂತ ಹೇಳಾಕ ಬಂದೀಯೇನು?”

“ಹೇಳಾಕ ಬಂದಿದ್ದೆ. ಈಗ ಹೇಳೂದಿಲ್ಲ.”

ಅವಳು ಬೆವರು, ಕೆಂಪು ಮಣ್ಣು ಎಲ್ಲ ಸಮೇತ ನನ್ನ ಬಿಳಿ ಅಂಗಿಗೆ ತಲೆ ಒರಗಿಸಿ ನಿಂತಳು.

ಮನೆಗೆ ಫೋನ್ ಮಾಡಿದೆ. “ಏನಾತ್ರಿ?” ಎಂದಳು ಸುವರ್ಣಾ, ಮೊದಲ ರಿಂಗಿಗೇ ಎತ್ತಿ.

“ಸೋತ್ರು. ಆಕಿ ಗಟ್ಟಿ ಅದಾಳ.”

“ಮತ್ತ, ಹೇಳಿದ್ರ್ಯಾ ಬ್ಯಾಡಂತ?”

“ಇಲ್ಲ. ಮುಂದಿನ ಮ್ಯಾಚಿಗೆ ನೀನೂ ಬಾ. ನಾ ಹೇಳೂದರಿಂದ ನಿನಗ ತಿಳಿಯೂದಿಲ್ಲ.”

ಆ ತುದಿಯಿಂದ ದೊಡ್ಡದೊಂದು ಉಸಿರು ಕೇಳಿಸಿತು. “ಮೊದಲ ಆಕಿಗೆ ಏನರ ತಿನಿಸ್ರಿ,” ಎಂದಳು.

ಅಕ್ಷತಾ ತರಬೇತುದಾರರನ್ನು ಕೇಳಿಕೊಂಡು, ತಂಡದ ಟೆಂಪೋ ಬಿಟ್ಟು ನನ್ನ ಜೊತೆ ಬಸ್ಸಿಗೆ ಬಂದಳು. ಸಂಜೆಯ ಬಿಸಿಲು ಬಿದ್ದಿತ್ತು. ಅವಳು ಎರಡು ವಡಾಪಾವ್ ತಿಂದು ನನ್ನದರಲ್ಲೂ ಅರ್ಧ ತಿಂದಳು. ಬಸ್ಸು ನಿಲ್ದಾಣ ಬಿಡುವಾಗ ಹೊರಗೆ ಪಾರ್ವತಿಬಾಯಿ ಮತ್ತು ಸಾನಿಕಾ ತಮ್ಮ ಊರಿನ ಬಸ್ಸಿಗೆ ಕಾಯುತ್ತ ನಿಂತಿದ್ದರು. ಸಾನಿಕಾ ಸ್ವಲ್ಪ ಕುಂಟುತ್ತಿದ್ದಳು. ಅಕ್ಷತಾ ನನ್ನ ಮೇಲಿಂದ ಬಾಗಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

“ಬೆಳಗಾವಿಗೆ ಬಾ, ನೋಡ್ಕೋತೀನಿ ನಿನ್ನ!”

ಸಾನಿಕಾ ಮರಾಠಿಯಲ್ಲಿ ಏನೋ ಕೂಗಿದಳು. ಅದು ನನಗೆ ಕೇಳಿಸಲಿಲ್ಲ, ಅಕ್ಷತಾಳಿಗೆ ಕೇಳಿಸಿತು, ಬಿದ್ದು ಬಿದ್ದು ನಕ್ಕಳು. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಪಾರ್ವತಿಬಾಯಿ ಮೊಮ್ಮಗಳ ಭಾರವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ನಮ್ಮ ಕಡೆಗೆ ಬೀಸುತ್ತಲೇ ಇದ್ದರು.