ಮಡಿಗೆ ಬಾರದ ಮಾತ್ರೆ

ಚೂಡಾಮಣಿಯನ್ನು ಕಳ್ಳಿ ಎನ್ನುವವರ ಬಾಯಿಗೆ ಹುಳ ಬೀಳಲಿ. ಜಯನಗರದಲ್ಲಿ ಅವಳ ಪಕ್ಕದ ಮನೆಯಲ್ಲೇ ಬಾಳಿದವಳು ನಾನು, ನನಗೆ ಗೊತ್ತು. ಅದು ಕಾಯಿಲೆ. ಅರಿಶಿನ ಕುಂಕುಮಕ್ಕೆ ಹೋದ ಮನೆಯಿಂದ ಒಂದು ಚಮಚವೋ, ಕುಂಕುಮದ ಭರಣಿಯೋ ಅವಳ ಸೆರಗಿನೊಳಗೆ ಬಂದುಬಿಡುತ್ತಿತ್ತು. ಮರುದಿನ ಗಂಡ ಅನಂತಪದ್ಮನಾಭರಾಯರು ತಲೆತಗ್ಗಿಸಿಕೊಂಡು ಹಿಂದಿರುಗಿಸಿ ಬರುತ್ತಿದ್ದರು. ಬರಬರುತ್ತಾ ಯಾರೂ ಅವಳನ್ನು ಕರೆಯದಾದರು. ಮಗಳು ವಿಭಾಳನ್ನು ಬನಶಂಕರಿಗೆ ಕೊಟ್ಟ ಮೇಲಂತೂ ಅವಳಿಗೆ ಒಂದೇ ದಿಗಿಲು: ಬೀಗರ ಮನೆಯಲ್ಲಿ ಹೀಗಾದರೆ?

ಎರಡು ಸಾವಿರದ ನಾಲ್ಕರಲ್ಲಿ ಆಸ್ಪತ್ರೆಯೊಂದು ಇಂಥವರಿಗಾಗಿ ಔಷಧದ ಸಂಶೋಧನೆ ನಡೆಸಿತು. ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದವರಿಗೆ ಅದೇ ಬಣ್ಣದ ಕ್ಯಾಪ್ಸೂಲಿನಲ್ಲಿ ಔಷಧವೇ ಇಲ್ಲದ ಪುಡಿ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಚೂಡಾಮಣಿ ದೇವರಿಗೆ ಕೈಮುಗಿದು ನುಂಗತೊಡಗಿದಳು. ಅಬ್ಬಾ, ಶ್ರಾವಣ ಕಳೆಯಿತು, ಗೌರಿಹಬ್ಬವೂ ಕಳೆಯಿತು, ಕೈ ಕದಲಲಿಲ್ಲ! ಒಂದು ದಿನ ನಮ್ಮನೆಯ ಬೆಳ್ಳಿ ಬಟ್ಟಲನ್ನು ಎತ್ತಿ, ಅಲ್ಲೇ ಇಟ್ಟು, "ನೋಡೇ, ಮನಸ್ಸೇ ಬರ್ಲಿಲ್ಲ" ಎಂದು ಅತ್ತಳು. ನಾನೂ ಅತ್ತೆ.

ನವರಾತ್ರಿ ಬಂತು. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಗಳ ಮೂಳೆಯಿಂದ ಮಾಡಿದ್ದು ಎಂದು ಯಾರೋ ಪುಣ್ಯಾತ್ಮರು ರಾಯರ ಕಿವಿಗೆ ಹಾಕಿದರು. "ಮಡಿಗೆ ಬರಲ್ಲ" ಎಂದು ಅವರು ಅದನ್ನು ಬಿಡಿಸಿ, ಪುಡಿಯನ್ನಷ್ಟೇ ಅವಳ ಅಂಗೈಗೆ ಹಾಕಿದರು. ನೆಕ್ಕಿದವಳೇ ನನ್ನ ಮನೆಗೆ ಓಡಿ ಬಂದಳು.

"ಸಿಹಿಯಾಗಿದೆ ಕಣೇ. ನಂಗೆ ಬರೀ ಸಕ್ಕರೆ ಕೊಟ್ಟಿದ್ದಾರೆ."

"ಅಯ್ಯೋ ಹುಚ್ಚಿ, ಹಾಗಾದ್ರೆ ಇಷ್ಟು ದಿನ ತಡ್ಕೊಂಡಿದ್ದು ನೀನೇ ಅಲ್ವಾ!" ಎಂದೆ. ಅವಳ ತಲೆಗೆ ಅದು ಹೋಗಲೇ ಇಲ್ಲ.

ಅವತ್ತೇ ಸಂಜೆ ಬೀಗರ ಮನೆಯಲ್ಲಿ ಗೊಂಬೆ ಆರತಿ. ಒಲ್ಲೆ ಒಲ್ಲೆ ಎಂದರೂ ವಿಭಾ ಬಂದು ಕರೆದುಕೊಂಡು ಹೋದಳು. ಜೊತೆಗೆ ನಾನೂ ಹೋದೆ. ಹೊರಡುವಾಗ ಬೀಗಿತ್ತಿ ತಾಂಬೂಲ ತಂದರು. ಚೂಡಾಮಣಿ ಸೆರಗೊಡ್ಡಿದಳು. ಗೊಂಬೆಗಳ ಸಾಲಿನಲ್ಲಿದ್ದ ಶೆಟ್ಟರ ಅಂಗಡಿಯ ಪುಟ್ಟ ಹಿತ್ತಾಳೆ ತಕ್ಕಡಿ ಸೆರಗಿನಿಂದ ಠಣ್ ಎಂದು ನೆಲಕ್ಕೆ ಬಿತ್ತು. ವಿಭಾ ಅದನ್ನೆತ್ತಿ ಶೆಟ್ಟರ ಗೊಂಬೆಯ ಮುಂದಿಟ್ಟಳು. ಅಮ್ಮನ ಕಡೆ ನೋಡಲಿಲ್ಲ.

ಮರುವರ್ಷ ಬನಶಂಕರಿಯಿಂದ ಕರೆ ಬರಲಿಲ್ಲ. ನಾನೇ ಹೋಗಿ ಚೂಡಾಮಣಿಯನ್ನು ನಮ್ಮನೆ ಗೊಂಬೆಗೆ ಎಳೆದು ತಂದೆ. ಹೊಸಿಲಲ್ಲೇ ಎರಡೂ ಕೈಗಳನ್ನು ನನ್ನ ಕೈಯಲ್ಲಿಟ್ಟು, "ಗಟ್ಟಿಯಾಗಿ ಹಿಡ್ಕೋ, ಬಿಡ್ಬೇಡ ಕಣೇ" ಎಂದಳು. ಹಿಡಿದುಕೊಂಡೇ ಆರತಿ ನೋಡಿದೆವು. ಅವಳಿಗೆ ಕುಂಕುಮವಿಡಲು ನಾನು ಅವಳ ಒಂದು ಕೈ ಬಿಡಲೇಬೇಕಾಯಿತು. ಅವಳು ಹೆದರಿ ಕಣ್ಣು ಮುಚ್ಚಿಕೊಂಡಳು.